ಬೆದರದ ಕೈ

ಕಳೆದ ಎಳ್ಳಮಾಸಿಗೆ ನನ್ನ ಮೊಮ್ಮಗಳು ಬೆಂಗಳೂರಿನಿಂದ ನರೋಣಾಕ್ಕೆ ಬಂದಿದ್ದಳು. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ಕಡಬು ಭಜ್ಜಿ ಉಂಡು ಬನ್ನಿಗಿಡದ ಕೆಳಗೆ ಕೂತಿದ್ದೆವು. ಜೋಳ ತೆನೆ ಹಿರಿದು ನಿಂತಿತ್ತು, ಆಚೆ ತೊಗರಿ ಕಾಯಿ ಕಟ್ಟಿತ್ತು. ಅವಳು ಕಾಲೇಜಿನ ಜೊತೆಗೆ ಶೂಟಿಂಗ್ ಕ್ಲಬ್ಬಿಗೂ ಹೋಗುತ್ತಾಳೆ. ಮೆಲ್ಲಗೆ ಮಾತು ತೆಗೆದಳು.

“ಮುತ್ಯಾ, ಪಾಯಿಂಟ್ ಟೂ ಟೂ ಪಿಸ್ತೂಲ್ ಕಲೀಲಾಕ ಸುರು ಮಾಡ್ಬೇಕಂತ ಮಾಡೀನಿ. ಯಾವ್ದು ಚಲೋ ಅದ?”

ಮೂವತ್ತು ವರ್ಷಕ್ಕೂ ಮೇಲೆ ಹಳ್ಳಿಶಾಲೆಗಳಲ್ಲಿ ಪಿಟಿ ಮಾಸ್ತರನಾಗಿದ್ದವನು ನಾನು. ಕಬಡ್ಡಿ, ಖೋ-ಖೋ, ಗುಂಡು ಎಸೆತ ಯಾವುದರ ಬಗ್ಗೆ ಕೇಳಿದರೂ ಉತ್ತರ ಥಟ್ಟನೆ ಬರುತ್ತಿತ್ತು. ಈ ಪ್ರಶ್ನೆಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಬಂದೂಕು ಎಂಬ ಮಾತಿಗೆ ಒಂದು ಹಳೆಯ ನೆರಳಿದೆ. ನಮ್ಮವ್ವ ದೀಪಾವಳಿಯ ಪಟಾಕಿ ಸದ್ದಿಗೂ ಬೆಚ್ಚಿಬೀಳುತ್ತಿದ್ದಳು. ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಕೈ ಹಾಗೇ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಡಿತ ಕೇಳುತ್ತಿತ್ತು. ಸಾಯುವವರೆಗೂ ಆ ಬೆದರು ಹೋಗಲಿಲ್ಲ. ಯಾವ ಪಿಸ್ತೂಲು ಚಲೋ ಎಂದು ಹೇಳುವ ಮೊದಲು ಈ ಬೆದರು ನಮ್ಮ ನೆಲಕ್ಕೆ ಎಲ್ಲಿಂದ ಬಂತು, ಗುರಿಯ ಆಟ ಅದನ್ನು ಹೇಗೆ ಬಿಡಿಸಿತು ಎಂದು ಹೇಳಬೇಕೆನ್ನಿಸಿತು. ಅಂದು ಸಂಜೆಯವರೆಗೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಗುರಿ ಕಲಿಯುತ್ತಿದ್ದದ್ದು ಜೋಳದ ಹೊಲದಲ್ಲಿ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹಕ್ಕಿಯ ದಂಡು ಇಳಿಯುತ್ತದೆ. ನಾಲ್ಕು ಕಂಬ ನೆಟ್ಟು ಕಟ್ಟಿದ ಅಟ್ಟಣೆಯ ಮೇಲೆ ನಮ್ಮಂಥ ಹುಡುಗರನ್ನು ಕವಣೆ ಕೊಟ್ಟು ನಿಲ್ಲಿಸುತ್ತಿದ್ದರು. ಎರಡು ಹಗ್ಗ, ನಡುವೆ ಹೆಣೆದ ಬೊಗಸೆ, ಅದರಲ್ಲಿ ಕರಿಮಣ್ಣಿನ ಒಣಗಿದ ಉಂಡೆ. ಒಂದು ಹಗ್ಗದ ಕುಣಿಕೆ ಬೆರಳಿಗೆ, ಇನ್ನೊಂದರ ತುದಿ ಹೆಬ್ಬೆರಳಡಿ. ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ತುದಿ ಬಿಟ್ಟರೆ ಉಂಡೆ ಗುಂಯ್ ಎಂದು ಹೋಗಿ ಬೀಳುತ್ತಿತ್ತು. ಹಕ್ಕಿ ಕೊಲ್ಲಬೇಕೆಂದೇನಿರಲಿಲ್ಲ, ಎಬ್ಬಿಸಿದರೆ ಸಾಕಿತ್ತು. ತೆನೆಗೆ ತಾಗದಂತೆ ಹಕ್ಕಿಯ ಪಕ್ಕಕ್ಕೆ ಹೊಡೆಯುವುದೇ ಜಾಣತನ. ತೆನೆ ಮುರಿದರೆ ಅಪ್ಪನ ಬೈಗುಳ ಖಂಡಿತ. ಎಲ್ಲಿ ಹೊಡೆಯಬಾರದು ಎಂಬುದು ನನಗೆ ಮೊದಲು ಗೊತ್ತಾದದ್ದು ಆ ಅಟ್ಟಣೆಯ ಮೇಲೆ.

ಬಂದೂಕಿನ ಗುರಿಗೂ ನಮ್ಮ ಕಡೆ ದೊಡ್ಡ ಹೆಸರಿತ್ತು. ಕಲಬುರಗಿ ಕೋಟೆಯ ಮೇಲಿರುವ ಬಾರಾ ಗಜಿ ತೋಪನ್ನು ಶಾಲೆಯ ಮಕ್ಕಳೆಲ್ಲ ನೋಡಿರುತ್ತಾರೆ. ಅದರ ಉದ್ದಕ್ಕೆ ಬೆರಗಾಗುತ್ತಾರೆ. ನಾನು ಅವರನ್ನು ಪ್ರವಾಸಕ್ಕೆ ಕರೆದೊಯ್ದಾಗ ತೋಪು ತೋರಿಸಿದ ಮೇಲೆ ವಾಗಣಗೇರಿಯ ಕಥೆ ಹೇಳುತ್ತಿದ್ದೆ. ಜೇವರ್ಗಿ ದಾಟಿ ದಕ್ಷಿಣಕ್ಕೆ ಹೋದರೆ, ಭೀಮೆ ಕೃಷ್ಣೆಯರ ನಡುವೆ, ಸುರಪುರದ ಬಳಿಯ ಬೆಟ್ಟದೂರು ಅದು. 1705ರಲ್ಲಿ ಔರಂಗಜೇಬ್ ತಾನೇ ಬಂದು ಅದನ್ನು ಮುತ್ತಿದ. ಅವನಿಗಾಗ ಎಂಬತ್ತಾರು ವರ್ಷ. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಅದೇ. ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಅಲ್ಲಿನ ದೊರೆ ಪಿಡ್ಡನಾಯಕನ ಬೇಡರು ಆ ದೊಡ್ಡ ಸೈನ್ಯವನ್ನು ತಡೆದು ನಿಲ್ಲಿಸಿದರು. ಮೊಗಲರ ಕಡೆಯವರು ಈ ಕಾಲಾಳುಗಳನ್ನು ‘ಕಾಲಾ ಪ್ಯಾದೆ’ ಎಂದು ಕರೆಯುತ್ತಿದ್ದರು. ಬೇಡರ ಬಂದೂಕಿನ ಗುರಿ ತಪ್ಪದು ಎಂಬ ಹೆಸರು ದಖನಿನಲ್ಲೆಲ್ಲ ಹಬ್ಬಿತ್ತು.

ಅವರ ಕೈಯಲ್ಲಿದ್ದದ್ದು ಬತ್ತಿ ಬಂದೂಕು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಗಿಡಿಯಬೇಕು. ಪಕ್ಕದ ಬಟ್ಟಲಿಗೆ ಚಿಟಿಕೆ ಮದ್ದು ಇಡಬೇಕು. ಕುದುರೆ (ಟ್ರಿಗರ್) ಎಳೆದರೆ ಉರಿಯುವ ಬತ್ತಿ ಬಟ್ಟಲಿಗಿಳಿದು, ಕಣ್ಣ ಮುಂದೆಯೇ ಭಗ್ಗೆಂದು ಬೆಂಕಿ ಎದ್ದು, ಆಮೇಲೆ ಒಳಗಿನ ಮದ್ದು ಹತ್ತಿ ಗುಂಡು ಹೊರಡುತ್ತದೆ. ಕುದುರೆ ಎಳೆದದ್ದಕ್ಕೂ ಗುಂಡು ಹೊರಟದ್ದಕ್ಕೂ ನಡುವೆ ಕಣ್ಣೆವೆ ಬಡಿಯುವಷ್ಟು ಹೊತ್ತು ಇರುತ್ತದೆ. ಮುಖದ ಪಕ್ಕದಲ್ಲಿ ಬೆಂಕಿ ಏಳುವಾಗ ಆ ಹೊತ್ತನ್ನು ಅಲುಗದೆ ದಾಟಿದವನ ಗುಂಡು ಮಾತ್ರ ಗುರಿ ಮುಟ್ಟುತ್ತದೆ. ಬೇಡರ ಗುರಿಯ ಗುಟ್ಟು ಕಣ್ಣಿನಲ್ಲಿದ್ದಷ್ಟೇ ಈ ಬೆದರದ ಕೈಯಲ್ಲೂ ಇತ್ತು ಎಂದು ನಾನು ನಂಬಿದ್ದೇನೆ.

ಆ ಕೈಯಿಂದ ಬಂದೂಕು ಕಸಿದುಕೊಂಡ ವರ್ಷ 1857. ಸಿಪಾಯಿ ದಂಗೆ ಎದ್ದ ಮೇಲೆ ಕಂಪನಿ ಸರಕಾರ ಜನರ ಆಯುಧ ಒಪ್ಪಿಸಿಕೊಳ್ಳುವ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲವೆಂದರು. ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು, ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿತು. ಲಾವಣಿಯಾಗಿ ಉಳಿದ ಆ ಕಥೆಯನ್ನು ಮುಂದೆ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಅಚ್ಚು ಮಾಡಿಸಿದರು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ದಂಗೆಯೂ ಮುರಿದುಬಿತ್ತು. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. 1878ರ ಆಯುಧ ಕಾಯ್ದೆ ಬಂದ ಮೇಲೆ ಬ್ರಿಟಿಷರ ಸೀಮೆಯಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧವಾಯಿತು. ಕೊಡವರಿಗೆ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ಇಂದಿಗೂ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ತೋಕಿಗೆ (ಬಂದೂಕಿಗೆ) ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಬಂದೂಕು ಹಬ್ಬದ ಸಾಮಾನಾಗಿ ಉಳಿದ ಊರಿನಲ್ಲಿ ಅದರ ಸದ್ದಿಗೆ ಮಕ್ಕಳು ನಗುತ್ತಾರೆ. ನಮ್ಮಲ್ಲಿ ಹಾಗಾಗಲಿಲ್ಲ.

ಅದೇ 1857ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಸ್ಮಿತ್ ಮತ್ತು ವೆಸನ್ ಎಂಬಿಬ್ಬರು ಏಳು ಗುಂಡಿನ ಒಂದು ಪುಟ್ಟ ರಿವಾಲ್ವರನ್ನು ಮಾರುಕಟ್ಟೆಗೆ ತಂದರು. ಅದರ ಕಾಡತೂಸು ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ಅಷ್ಟೇ. ಇದಕ್ಕೂ ಹನ್ನೆರಡು ವರ್ಷ ಮೊದಲು, 1845ರಲ್ಲಿ, ಪ್ಯಾರಿಸಿನ ಫ್ಲೋಬೆರ್ ಎಂಬವನು ಸಿಡಿಮದ್ದಿನ ಟೊಪ್ಪಿಗೆಗೇ ಸಣ್ಣ ಗುಂಡು ಕೂರಿಸಿ, ಮನೆಯ ಪಡಸಾಲೆಯಲ್ಲಿ ಗುರಿಯಾಟ ಆಡಬಹುದಾದ ಬಂದೂಕು ಮಾಡಿದ್ದ. ಸ್ಮಿತ್ ಮತ್ತು ವೆಸನ್ ಅದಕ್ಕೆ ಒಂದಿಷ್ಟು ಮದ್ದು ಸೇರಿಸಿದರು. ಇದರ ರಚನೆ ಸರಳ. ತೆಳು ತಗಡಿನ ಕೊಳವೆಯ ತಳದಲ್ಲಿ ಹೊರಚಾಚಿದ ಅಂಚು. ಆ ಅಂಚಿನ ಮಡಿಕೆಯೊಳಗೆ ಸಿಡಿಮದ್ದಿನ ಲೇಪ. ಬಂದೂಕಿನ ಮೊಳೆ ಅಂಚನ್ನು ಹೊಡೆದು ಜಜ್ಜಿದಾಗ ಕಿಡಿ ಹಾರಿ ಮದ್ದು ಹತ್ತುತ್ತದೆ. ಅಂಚಿನ ತಗಡು ತೆಳ್ಳಗಿರಲೇಬೇಕಾದ್ದರಿಂದ ಇದರಲ್ಲಿ ಹೆಚ್ಚು ಬಲದ ಮದ್ದು ತುಂಬಲಾಗದು. ಬಲ ಕಡಿಮೆ, ಸದ್ದು ಕಡಿಮೆ, ಹಿನ್ನೂಕು ಇಲ್ಲವೆನ್ನುವಷ್ಟು, ಬೆಲೆಯೂ ಹಗುರ. 1887ರಲ್ಲಿ ಇದರದೇ ಉದ್ದನೆಯ ರೂಪವಾದ ಪಾಯಿಂಟ್ 22 ಲಾಂಗ್ ರೈಫಲ್ ಕಾಡತೂಸು ಬಂತು. ಗುಂಡಿನ ತೂಕ ಸುಮಾರು ಎರಡೂವರೆ ಗ್ರಾಂ. ಇಂದು ಲೋಕದಲ್ಲೆಲ್ಲ ಗುರಿ ಕಲಿಯುವ ಎಷ್ಟೋ ಜನರ ಕೈಗೆ ಮೊದಲು ಬರುವುದು ಇದೇ.

ಇಲ್ಲಿ ಹಲಗಲಿ ಉರಿಯುತ್ತಿದ್ದ ವರ್ಷವೇ ಅಲ್ಲಿ ಈ ಅಂಚಿನ ಕಾಡತೂಸು ಹುಟ್ಟಿತು ಎಂದು ಓದಿದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತಿದ್ದೆ. ಬೆದರು ಬಂದ ವರ್ಷವೇ ಅದಕ್ಕೆ ಮದ್ದೂ ಹುಟ್ಟಿತ್ತು. ಅದು ನಮ್ಮೂರಿಗೆ ತಲುಪಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಅಷ್ಟರಲ್ಲಿ 1948 ಬಂತು. ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಆಗ ನಿಜಾಮನ ಹೈದರಾಬಾದ್ ಸಂಸ್ಥಾನ. ದೇಶ ಸ್ವತಂತ್ರವಾಗಿ ವರ್ಷವಾದರೂ ನಮ್ಮ ಜನ ಹೊರಗೇ ಇದ್ದರು. ನಿಜಾಮನ ಪರ ನಿಂತ ರಜಾಕಾರರ ದಾಳಿಗೆ ಹೆದರಿ ಎಷ್ಟೋ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದವು. ಹೋರಾಟಗಾರರು ಗಡಿಯಲ್ಲಿ ಶಿಬಿರ ಹೂಡಿದರು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂತು, 17ಕ್ಕೆ ನಿಜಾಮ ಶರಣಾದ. ಆಮೇಲಿನ ದಿನಗಳಲ್ಲಿ ಮುಸಲ್ಮಾನರ ಮನೆಗಳಲ್ಲೂ ಗೋಳು ಎದ್ದಿತು. ಅದರ ವಿಚಾರಣೆಗೆ ಬಂದ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಹೆಸರಿಸಿತು. ನಮ್ಮವ್ವ ಆಗ ಗಂಡನ ಮನೆಗೆ ಹೊಸದಾಗಿ ನಡೆಯಲು ಬಂದವಳು. ಒಂದು ರಾತ್ರಿ ದೂರದಲ್ಲಿ ಬಂದೂಕಿನ ಸದ್ದಾದಾಗ ಹೆಂಗಸರನ್ನೆಲ್ಲ ಜೋಳದ ಹಗೇವಿನಲ್ಲಿ ಇಳಿಸಿ ಮೇಲೆ ಕಣಿಕೆ ಮುಚ್ಚಿದ್ದರಂತೆ. ಯಾರು ಹೊಡೆದರು, ಯಾರಿಗೆ ಹೊಡೆದರು ಎಂದು ಅವಳಿಗೆ ಎಂದೂ ಗೊತ್ತಾಗಲಿಲ್ಲ. ಕತ್ತಲೆ, ಕೊಳೆತ ಜೋಳದ ವಾಸನೆ, ಮೇಲೆ ಸದ್ದು. ಅವಳ ಕೈ ರೊಟ್ಟಿಯ ಮೇಲೆ ನಿಂತುಬಿಡುತ್ತಿದ್ದದ್ದು ಆ ರಾತ್ರಿಯಿಂದ.

ಅದೇ 1948ರ ಜುಲೈನಲ್ಲಿ ದೇಶದಲ್ಲಿ ಎನ್‌ಸಿಸಿ ಶುರುವಾಗಿತ್ತು. ನಾನು ಕಲಬುರಗಿಯಲ್ಲಿ ಕಾಲೇಜಿಗೆ ಸೇರಿದ್ದು ಎಪ್ಪತ್ತರ ದಶಕದ ಮೊದಲಿಗೆ. ಖಾಕಿ ಬಟ್ಟೆ, ಬೂಟು, ಪರೇಡ್ ಮುಗಿದ ಮೇಲೆ ಸಿಗುವ ತಿಂಡಿಯ ಆಸೆಗೆ ಎನ್‌ಸಿಸಿ ಹಿಡಿದೆ. ಕ್ಯಾಂಪಿನಲ್ಲಿ ಒಂದು ಬೆಳಿಗ್ಗೆ ಮಣ್ಣಿನ ದಿಬ್ಬದ ಮುಂದೆ ನಮ್ಮನ್ನು ಮಲಗಿಸಿದರು. ಕೈಗೆ ಬಂದದ್ದು ಪಾಯಿಂಟ್ 22 ರೈಫಲ್. ಆಕಾರ ಸೈನ್ಯದ ಹಳೆಯ ತ್ರೀ-ನಾಟ್-ತ್ರೀಯದೇ, ನಳಿಗೆಯ ತೂತು ಮಾತ್ರ ಸಣ್ಣದು. ತೂಕ ನಾಲ್ಕು ಕಿಲೋಗೆ ಹತ್ತಿರ. ದೂರ 25 ಗಜ, ಗುಂಡು ಐದು.

ಮೊದಲ ಗುಂಡಿಗೆ ನಾನು ಕಣ್ಣು ಮುಚ್ಚಿದೆ. ಎರಡನೆಯದಕ್ಕೂ ಮುಚ್ಚಿದೆ. ಐದೂ ಗುಂಡು ಐದು ದಿಕ್ಕಿಗೆ ಹೋದವು. ನಮ್ಮ ಉಸ್ತಾದ್ ಬೈಯಲಿಲ್ಲ. ರೈಫಲಿನೊಳಗೆ ಒಂದು ಖೋಕಾ (ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೊಳವೆ) ಇಟ್ಟು ಮುಚ್ಚಿದರು. ನಳಿಗೆಯ ತುದಿಯಲ್ಲಿ ಹತ್ತು ಪೈಸೆಯ ನಾಣ್ಯ ಇಟ್ಟು, “ಈಗ ಹೊಡಿ” ಎಂದರು. ಒಳಗೆ ಜೀವಂತ ಕಾಡತೂಸು ಇಲ್ಲ ಎಂದು ನನ್ನ ಕಣ್ಣಿಗೇ ಕಂಡಿತ್ತು. ಕುದುರೆ ಎಳೆದೆ. ಟಕ್ ಎಂದಿತು, ನಾಣ್ಯ ಬಿತ್ತು. ಗುಂಡೇ ಹಾರದ ಬಂದೂಕಿಗೂ ನನ್ನ ಭುಜ ಬೆದರಿತ್ತು. ನಮ್ಮವ್ವನ ಕೈ ನನ್ನ ಮೈಯೊಳಗೂ ಇತ್ತು ಎಂದು ಅಂದು ತಿಳಿಯಿತು.

ಮೂರು ದಿನ ನಾಣ್ಯ ಬೀಳುತ್ತಲೇ ಇತ್ತು. ನಾಲ್ಕನೆಯ ದಿನ ನಿಂತಿತು. ಟಕ್ ಎಂದ ಮೇಲೂ ಮೂರು ಎಣಿಸುವವರೆಗೆ ಹಾಗೇ ಮಲಗಿರು ಎಂದು ಉಸ್ತಾದ್ ಕಲಿಸಿದ್ದರು. ಮತ್ತೆ ಐದು ಗುಂಡು ಕೊಟ್ಟಾಗ ಐದೂ ನನ್ನ ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಜಾಗದಲ್ಲಿ ಬಿದ್ದವು. ಫೈರಿಂಗ್ ಮುಗಿದ ಮೇಲೆ ಹುಲ್ಲಿನಲ್ಲಿ ಬಿದ್ದ ಖೋಕಾಗಳನ್ನೆಲ್ಲ ಹೆಕ್ಕಿ ಎಣಿಸಿ ಕೊಡಬೇಕಿತ್ತು. ಒಂದು ಕಡಿಮೆಯಾದರೂ ಯಾರೂ ಕದಲುವಂತಿಲ್ಲ. ಆ ಎಣಿಕೆಯೂ ಪಾಠವೇ ಆಗಿತ್ತು. ಬಂದೂಕಿನ ಲೆಕ್ಕ ಎಲ್ಲರೆದುರು ಪಕ್ಕಾ ಆದಾಗ ಭಯಕ್ಕೆ ಜಾಗ ಇರುವುದಿಲ್ಲ.

ಎನ್‌ಸಿಸಿ ಎಲ್ಲರಿಗೆ ಸಿಗಲಿಲ್ಲ. ಉಳಿದವರಿಗೆ ಜಾತ್ರೆ ಇತ್ತು. ಹೋಳಿ ಮುಗಿದ ಮೇಲೆ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ನಮ್ಮೂರಲ್ಲಿ ಕ್ಷೇಮಲಿಂಗೇಶ್ವರ, ಆಳಂದದಲ್ಲಿ ಲಾಡ್ಲೆ ಮಶಾಕರ ಉರುಸು. ಬೆಂಡು ಬತ್ತಾಸು, ತೊಟ್ಟಿಲು, ಬಳೆ ಅಂಗಡಿಗಳ ಪಕ್ಕದಲ್ಲಿ ಬಲೂನಿನ ಹಲಗೆ ಇದ್ದೇ ಇರುತ್ತಿತ್ತು. ಕರಿಬಟ್ಟೆಯ ಮೇಲೆ ಸಾಲುಸಾಲು ಬಣ್ಣದ ಬಲೂನು, ನಡುನಡುವೆ ದಾರದಲ್ಲಿ ತೂಗುವ ನಾಣ್ಯ. ಮುಂದೆ ಕಟ್ಟೆಯ ಮೇಲೆ ಎರಡು ಗಾಳಿ ಬಂದೂಕು. ನಳಿಗೆ ಮುರಿದು ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ, ಸೀಸದ ಸಣ್ಣ ಗುಂಡು ಇಟ್ಟು ಮುಚ್ಚಬೇಕು. ನಾವು ಹುಡುಗರಾಗಿದ್ದಾಗ ನಾಲ್ಕಾಣೆಗೆ ಐದು ಗುಂಡು. ಹೊಲದಿಂದ ಬಂದ ಆಳುಮಗ, ಮದುವೆಯಾದ ಹೊಸ ಜೋಡಿ, ಉರುಸಿಗೆ ಬಂದ ಬುರ್ಖಾದ ಹೆಣ್ಣುಮಗಳು, ಶಾಲೆಯ ಹುಡುಗ, ಎಲ್ಲರೂ ಒಂದೇ ಕಟ್ಟೆಗೆ ಮೊಣಕೈ ಊರಿ ಗುರಿ ಹಿಡಿದದ್ದನ್ನು ನಾನು ಕಂಡಿದ್ದೇನೆ. ಆಸ್ತಿ, ಜಾತಿ, ಹೆಣ್ಣು, ಗಂಡು ಕೇಳದೆ ಬಂದೂಕು ಕೈಗೆ ಕೊಟ್ಟ ಜಾಗ ನಮ್ಮ ಸೀಮೆಯಲ್ಲಿ ಅದೊಂದೇ. ಬಲೂನು ಫಟ್ ಎಂದಾಗ ಸುತ್ತ ನಿಂತವರು ನಗುತ್ತಿದ್ದರು. ಬಂದೂಕಿನ ಸದ್ದಿಗೆ ನಮ್ಮ ಜನ ನಗುವುದನ್ನು ಕಲಿತದ್ದು ಅಲ್ಲಿ. ಈ ಹಲಗೆ ಹೊತ್ತು ಜಾತ್ರೆಯಿಂದ ಜಾತ್ರೆಗೆ ನಡೆದವರ ಚರಿತ್ರೆಯನ್ನು ಯಾರಾದರೂ ಕೂತು ಬರೆಯಬೇಕೆಂದು ನನಗೆ ಬಹಳ ಆಸೆಯಿದೆ.

ಅಮೆರಿಕದಂಥ ಕಡೆ ಜನ ಪಾಯಿಂಟ್ 22 ಪಿಸ್ತೂಲು ಹಿಡಿದು ಹೊಲದಲ್ಲಿ ಖಾಲಿ ಡಬ್ಬಿ ಉರುಳಿಸುತ್ತಾ ಮಧ್ಯಾಹ್ನ ಕಳೆಯುತ್ತಾರೆ. ನಮ್ಮಲ್ಲಿ ಅದು ಕಾನೂನಿಗೂ ಒಪ್ಪದು, ನೆಲಕ್ಕೂ ಒಪ್ಪದು. ಅಷ್ಟು ಪುಟ್ಟ ಗುಂಡೂ ಮೇಲೆತ್ತಿ ಹೊಡೆದರೆ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ನಮ್ಮ ಹೊಲದಲ್ಲಿ ಅಷ್ಟು ದೂರದೊಳಗೆ ಕಳೆ ತೆಗೆಯುವವರು, ಕುರಿ ಕಾಯುವವರು, ದಾರಿಹೋಕರು ಇದ್ದೇ ಇರುತ್ತಾರೆ. ನಮ್ಮ ಹಗುರ ಗುರಿಯಾಟಕ್ಕೆ ಜಾತ್ರೆಯ ಬಲೂನೇ ಸರಿ.

ಇಷ್ಟು ಹೇಳಿ ಮುಗಿಸುವಾಗ ಬಿಸಿಲು ಇಳಿದಿತ್ತು. ಮೊಮ್ಮಗಳು ಬಿಡಲಿಲ್ಲ. “ಅದೆಲ್ಲಾ ಖರೆ ಮುತ್ಯಾ, ಪಿಸ್ತೂಲ್ ಯಾವ್ದು ಅಂತ ಹೇಳವಲ್ಲಿ.”

ನನಗೆ ಗೊತ್ತಿದ್ದಷ್ಟು ಹೇಳಿದೆ. ನಿನಗೆ ಹತ್ತೊಂಬತ್ತು. ಇಪ್ಪತ್ತೊಂದು ತುಂಬದೆ ನಿನ್ನ ಹೆಸರಿಗೆ ಸಾಮಾನ್ಯ ಲೈಸೆನ್ಸ್ ಬರುವುದಿಲ್ಲ. ಅಲ್ಲಿಯವರೆಗೆ ಕ್ಲಬ್ಬಿನ ಪಿಸ್ತೂಲು, ಕೋಚಿನ ಕಣ್ಣು. ಅದು ನಷ್ಟವಲ್ಲ. ಮೊದಲು ಗಾಳಿ ಪಿಸ್ತೂಲಿನಲ್ಲಿ ಕೈ ಕೂರಿಸು. ದೂರ 10 ಮೀಟರ್, ಗುಂಡು 4.5 ಮಿಲಿಮೀಟರ್, ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಚಾಂಗ್‌ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದದ್ದು ಈ ಪಿಸ್ತೂಲಿನಲ್ಲೇ. ಅದೇ ವರ್ಷ ಮುಖದ ಒಂದು ಪಕ್ಕ ಲಕ್ವ ಹೊಡೆದರೂ ಆತ ಬಿಡಲಿಲ್ಲ. 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೆ ಹೋದ, 50 ಮೀಟರ್ ಪಿಸ್ತೂಲಿಗೆ. ಅದು ಅಂಚಿನ ಕಾಡತೂಸಿನದೇ ಪಂದ್ಯ. ನಿನ್ನ ಹಾಗೆ ಬೆಂಗಳೂರಿನಲ್ಲಿ ಕಲಿತ ಟಿ.ಎಸ್. ದಿವ್ಯಾ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಗಾಳಿ ಪಿಸ್ತೂಲಿನ ಬೆಳ್ಳಿ ತಂದಳು.

ಆಮೇಲೆ ಪಾಯಿಂಟ್ 22. ಹೆಣ್ಣುಮಕ್ಕಳ 25 ಮೀಟರ್ ಪಂದ್ಯದಲ್ಲಿ ಅರವತ್ತು ಗುಂಡು. ಮೊದಲ ಮೂವತ್ತು ಸಾವಧಾನವಾಗಿ, 50 ಮಿಲಿಮೀಟರ್ ವೃತ್ತಕ್ಕೆ. ಇನ್ನು ಮೂವತ್ತಕ್ಕೆ ಏಳು ಸೆಕೆಂಡು ಕೈ ಕೆಳಗೆ, ಮೂರು ಸೆಕೆಂಡಿನಲ್ಲಿ ಎತ್ತಿ ಒಂದೇ ಗುಂಡು. ಪಿಸ್ತೂಲು 1400 ಗ್ರಾಂ ಮೀರುವಂತಿಲ್ಲ, ಕುದುರೆಯ ಬಿಗಿ ಒಂದು ಕಿಲೋಗಿಂತ ಕಡಿಮೆ ಇರುವಂತಿಲ್ಲ. ಇಟಲಿಯ ಪಾರ್ದಿನಿ, ಜರ್ಮನಿಯ ವಾಲ್ಥರ್, ಹ್ಯಾಮರ್ಲಿ ಎಂದೆಲ್ಲ ಹೆಸರು ಕೇಳುತ್ತೀ. ಹೆಸರು ನೋಡಿ ಆರಿಸಬೇಡ. ಕಣ್ಣು ಮುಚ್ಚಿ ಕೈ ಎತ್ತು, ಕಣ್ಣು ತೆರೆ. ಮುಂದಿನ ಗುರಿಮೊನೆ ಹಿಂದಿನ ಕಚ್ಚಿನ ನಡುವೆ ತಾನಾಗಿ ಬಂದು ನಿಂತಿದ್ದರೆ ಆ ಹಿಡಿ ನಿನ್ನದು. ಮಣಿಕಟ್ಟು ತಿರುಚಿ ಸರಿಮಾಡಬೇಕಾದರೆ ಅದು ಎಷ್ಟೇ ಬೆಲೆಯದಾದರೂ ನಿನ್ನದಲ್ಲ. ಮರದ ಹಿಡಿಯನ್ನು ಅಂಗೈಗೆ ತಕ್ಕಂತೆ ಉಜ್ಜಿಸಬಹುದು, ಮೊದಲು ಅದನ್ನು ಮಾಡಿಸು. ಕುದುರೆ ಎಳೆದರೆ ಗಾಜಿನ ಕಡ್ಡಿ ಮುರಿದಂತೆ ಒಮ್ಮೆಗೇ ಮುರಿಯಬೇಕು, ಎಳೆದಾಡಬಾರದು. ಕ್ಲಬ್ಬಿನಲ್ಲಿ ಸಿಗುವ ಕಾಡತೂಸು ಅದರಲ್ಲಿ ಸಿಕ್ಕಿಕೊಳ್ಳದೆ ಓಡುತ್ತದೆಯೇ ಎಂದು ಇನ್ನೂರು ಗುಂಡಾದರೂ ಹೊಡೆದು ನೋಡು. ಖಾಲಿ ಪಿಸ್ತೂಲಿನಲ್ಲಿ ಸುಮ್ಮನೆ ಕುದುರೆ ಎಳೆಯಬೇಡ. ಅಂಚು ಹೊಡೆಯುವ ಮೊಳೆ ನಳಿಗೆಯ ಹಿಂತುದಿಗೆ ಬಡಿದು ಅಲ್ಲಿ ಗುಳಿ ಬೀಳುತ್ತದೆ. ನಮ್ಮ ಉಸ್ತಾದ್ ಖೋಕಾ ಇಡುತ್ತಿದ್ದದ್ದು ಅದಕ್ಕೇ.

“ಇದೆಲ್ಲಾ ಆಮ್ಯಾಲ,” ಎಂದೆ. “ಮೊದಲ ಕೈ ನಿಲ್ಲಸ್ಲಾಕ ಕಲಿ.”

ಬುತ್ತಿಯ ಜೊತೆ ತಂದಿದ್ದ ಹಿತ್ತಾಳೆ ತಂಬಿಗೆಯಲ್ಲಿ ನೀರು ತುಂಬಿ ಅವಳ ಬಲಗೈಗೆ ಕೊಟ್ಟೆ. ತುಂಬಿದ ತಂಬಿಗೆ ಒಂದು ಪಿಸ್ತೂಲಿನಷ್ಟು ಭಾರ. ಕೈ ನೀಟಾಗಿ ಮುಂದೆ ಚಾಚಿ, ಎಡಗೈ ಸೊಂಟಕ್ಕೆ ಸಿಕ್ಕಿಸಿ ನಿಲ್ಲು ಎಂದೆ. ಮೊದಲು ನೀರು ತುಳುಕಿತು. ಆಮೇಲೆ ಮೇಲ್ಮೈಯಲ್ಲಿ ಸಣ್ಣ ಉಂಗುರಗಳು ಎದ್ದವು. ಉಸಿರು ಅರ್ಧ ಬಿಟ್ಟು ಹಿಡಿದಾಗ ಉಂಗುರಗಳು ಒಂದೊಂದಾಗಿ ಕರಗಿದವು. ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ಹಕ್ಕಿ ಎಬ್ಬಿಸಲು ಯಾರೋ ಪಟಾಕಿ ಹಚ್ಚಿದರು. ಢಂ ಎಂದಿತು. ಜೋಳದ ಮೇಲಿಂದ ಹಕ್ಕಿಗಳು ಒಟ್ಟಿಗೆ ಎದ್ದವು. ನನ್ನ ಭುಜ ಹಳೆಯ ರೂಢಿಯಂತೆ ಒಮ್ಮೆ ಜಗ್ಗಿತು.

ನಾನು ತಂಬಿಗೆಯನ್ನು ನೋಡಿದೆ. ನೀರಿನ ಮೇಲೆ ಬನ್ನಿಗಿಡದ ಎಲೆಗಳ ನೆರಳು ಬಿದ್ದಿತ್ತು. ಒಂದೊಂದು ಎಲೆಯನ್ನೂ ಎಣಿಸಬಹುದಿತ್ತು.